ಪಿಕಪ್ ಟ್ರಕ್ಕಿಗೆ ದನಿ ಕೂರಿಸುವ ಶಿವಶಂಕರಪ್ಪ

ಮೆಟುಚೆನ್ ನಿಲ್ದಾಣದಿಂದ ನ್ಯೂಯಾರ್ಕಿನತ್ತ ಹೊರಡುವ ನಸುಕಿನ ರೈಲು ಈಗಷ್ಟೇ ದಾಟಿಹೋಗಿದೆ. ಹಳಿಗಳ ಹಿಂಬದಿಯ ಗ್ಯಾರೇಜಿನಲ್ಲಿ ಮಾತ್ರ ದೀಪ ಉರಿಯುತ್ತಿದೆ. ಲಿಫ್ಟಿನ ಮೇಲೆ ಎತ್ತಿ ನಿಲ್ಲಿಸಿದ ಪಿಕಪ್ ಟ್ರಕ್ಕಿನ ಹೊಟ್ಟೆಯ ಕೆಳಗೆ ಶಿವಶಂಕರಪ್ಪ ಕತ್ತು ಮೇಲೆತ್ತಿ ನಿಂತಿದ್ದಾರೆ. ತುಕ್ಕು ಹಿಡಿದ ಬೋಲ್ಟಿಗೆ ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಕೆಂಪು ಪುಡಿ ಅವರ ಉಣ್ಣೆ ಟೋಪಿಯ ಮೇಲೆ ಉದುರುತ್ತದೆ. ಬಾಗಿಲ ಬಳಿ ಟ್ರಕ್ಕಿನ ಯಜಮಾನ ಕಾಫಿ ಹಿಡಿದು ನಿಂತಿದ್ದಾನೆ. ಅವನು ಪ್ಲಂಬರ್. ಊರು ಏಳುವ ಹೊತ್ತಿಗೆ ಅವನು ಯಾರದೋ ಬಚ್ಚಲಲ್ಲಿರಬೇಕು.

ಹಳೆಯ ಸೈಲೆನ್ಸರ್ ಕಳಚಿ ಕೈಗೆ ಬರುತ್ತದೆ. ಶಿವಶಂಕರಪ್ಪ ಅದನ್ನು ಮಗುವನ್ನು ಇಳಿಸುವ ಹಾಗೆ ನೆಲಕ್ಕಿಡುತ್ತಾರೆ. "ಇದರ ತಪ್ಪೇನಿಲ್ಲ ನೋಡ್ರಿ. ತನ್ನ ಕೆಲಸ ತಾ ಮಾಡಿತ್ತು. ಸುಮ್ಮ ಇರೂದ ಇದರ ಕೆಲಸ. ಸುಮ್ಮ ಇದ್ದವರನ್ನ ಯಾರು ಇಟಗೋತಾರ?"

ಈ ಸೀಮೆಯ ಪಿಕಪ್ ಮಾಲೀಕರಿಗೆ ಅವರು 'ಶಿವ್'. ಕಂಪನಿ ಕೊಟ್ಟ ಮೆತ್ತನೆಯ ಸೈಲೆನ್ಸರ್ ತೆಗೆಸಿ ದೊಡ್ಡ ದನಿಯದನ್ನು ಹಾಕಿಸಬೇಕೆಂದವರು ಇಲ್ಲಿಗೆ ಬರುತ್ತಾರೆ. ದಿನಕ್ಕೆ ಮೂರ್ನಾಲ್ಕು ಗಾಡಿ. ಬೇಸಿಗೆ ಹತ್ತಿರವಾದರೆ ಇನ್ನೂ ಹೆಚ್ಚು. ಪೈಪನ್ನು ಬಗ್ಗಿಸುವುದು, ಕತ್ತರಿಸುವುದು, ಬೆಸೆಯುವುದು ಎಲ್ಲವೂ ಅವರ ಕೈಯದೇ. ಗ್ಯಾರೇಜಿನ ಯಜಮಾನ ಫ್ರ್ಯಾಂಕ್‌ಗೆ ವಯಸ್ಸಾಗಿದೆ. ಆತ ಫೋನು ಎತ್ತಿಕೊಳ್ಳುತ್ತಾನೆ, ಹವಾಮಾನವನ್ನು ಬೈಯುತ್ತಾನೆ.

ಶಿವಶಂಕರಪ್ಪನವರದು ಒಂದು ಪದ್ಧತಿ. ಗಾಡಿಯನ್ನು ನೇರವಾಗಿ ಲಿಫ್ಟಿಗೆ ಹತ್ತಿಸುವುದಿಲ್ಲ. ಮೊದಲು ಯಜಮಾನನ ಪಕ್ಕ ಕೂತು, ಗಾಜು ಏರಿಸಿ, ರೈಲು ಹಳಿಯ ಪಕ್ಕದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುತ್ತಾರೆ. ಹಾದಿಯಲ್ಲಿ ಒಂದೇ ಪ್ರಶ್ನೆ: ಸದ್ದು ಯಾರಿಗೆ ಕೇಳಿಸಬೇಕು? ಓಡಿಸುವವರಿಗೋ, ಬೀದಿಗೋ?

ಉತ್ತರ ನೋಡಿಕೊಂಡು ಪೈಪು ಬಗ್ಗುತ್ತದೆ. ಓಡಿಸುವವರಿಗೇ ಬೇಕೆಂದರೆ ಅದರ ಬಾಯಿಯನ್ನು ಹಿಂದಿನ ಚಕ್ರದ ಮುಂದೆಯೇ ಪಕ್ಕಕ್ಕೆ ತಿರುಗಿಸುತ್ತಾರೆ, ಗುಡುಗು ಸೀಟಿನ ಅಡಿಗೇ ಬರುತ್ತದೆ. ಬೀದಿಗೆ ಬೇಕೆಂದರೆ ಹಿಂದಕ್ಕೆ ಬಿಡುತ್ತಾರೆ. ಸೈಲೆನ್ಸರೇ ಬೇಡ, ಬರೀ ಪೈಪು ಸಾಕು ಎಂದವರನ್ನು ವಾಪಸು ಕಳಿಸುತ್ತಾರೆ. ಅದು ಕಾನೂನಿಗೆ ಒಗ್ಗದು, ಅವರ ಕಿವಿಗೂ ಒಗ್ಗದು.

"ಮಂದಿ ತಿಳಕೊಂಡಾರ, ಎಲ್ಲಾರೂ ಸೊಕ್ಕಿಗೆ ಮಾಡಸ್ತಾರಂತ. ಸೊಕ್ಕಿನವರೂ ಅದಾರ, ಇಲ್ಲ ಅನ್ನಂಗಿಲ್ಲ. ಆದ್ರ ಒಂದು ಸುತ್ತು ಕೂಡ ಹೋದ್ರ ಬ್ಯಾರೇ ಮಾತು ಹೊರಗ ಬೀಳ್ತಾವ."

ಮಾಳವಿಕಾ ಎಂಬ ನರ್ಸು ತಮ್ಮ ಹಳೆಯ ಟ್ರಕ್ಕು ತಂದಿದ್ದರು. ರಾತ್ರಿ ಪಾಳಿ ಮುಗಿಸಿ ಟರ್ನ್‌ಪೈಕ್ ಹೆದ್ದಾರಿ ಹಿಡಿದರೆ ಕಣ್ಣು ಎಳೆಯುತ್ತದಂತೆ. "ಗಾಡಿ ಪಕ್ಕದಲ್ಲಿ ಕೂತು ಜಗಳ ಆಡಿದ ಹಾಗೆ ಇರಬೇಕು ಅಂಕಲ್, ಆಗ ನಿದ್ದೆ ಬರಲ್ಲ" ಎಂದರು. ಕಿವಿ ಮಂದವಾದ ಮುದುಕನೊಬ್ಬ, ಎಂಜಿನ್ ಶುರುವಾಗಿದೆಯೋ ಇಲ್ಲವೋ ತಿಳಿಯದೆ ಕೀಲಿಯನ್ನು ಎರಡೆರಡು ಸಲ ತಿರುವುತ್ತೇನೆ ಎಂದು ನಾಚಿಕೊಂಡ. ಕಾಫಿ ಹಿಡಿದು ನಿಂತ ಈ ಪ್ಲಂಬರ್ ಇವತ್ತು ಹೇಳಿದ್ದು ಇಷ್ಟು: ನಾನು ಮನೆಯಿಂದ ಹೊರಡುವಾಗ ಮಕ್ಕಳು ಮಲಗಿರುತ್ತಾರೆ, ಬರುವಾಗಲೂ ಮಲಗಿರುತ್ತಾರೆ, ಅಪ್ಪ ಬಂದ ಎಂದು ನಿದ್ದೆಯಲ್ಲಾದರೂ ಗೊತ್ತಾಗಲಿ.

ಶಿವಶಂಕರಪ್ಪ ಹುಟ್ಟಿದ್ದು ಗದಗ ಸೀಮೆಯಲ್ಲಿ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಅಮೆರಿಕದಲ್ಲಿದ್ದ ಅಣ್ಣ ಇವರಿಗಾಗಿ ಎಂದೋ ಹಾಕಿದ್ದ ವಲಸೆ ಅರ್ಜಿ, ಎಲ್ಲರೂ ಮರೆತ ಮೇಲೆ ಮಂಜೂರಾಯಿತು. ನಡುವಯಸ್ಸಿನಲ್ಲಿ ಹೆಂಡತಿ ಶಿವಲಿಂಗಮ್ಮ, ಮಗಳು ಭೂಮಿಕಾಳೊಂದಿಗೆ ವಿಮಾನ ಹತ್ತಿದರು. ಭೂಮಿಕಾ ಓದಿ ಕೆಲಸ ಹಿಡಿದು ಬಾಸ್ಟನ್ ಸೇರಿದ್ದಾಳೆ. ಗಂಡ ಹೆಂಡತಿ ಪಕ್ಕದೂರು ಐಸೆಲಿನ್‌ನ ಎರಡಂತಸ್ತಿನ ಮನೆಯೊಂದರ ಮೇಲಿನ ಭಾಗದಲ್ಲಿ ಬಾಡಿಗೆಗಿದ್ದಾರೆ.

"ಡಿಪೋದಾಗ ಬಸ್ಸು ಗದ್ದಲ ಮಾಡಿದ್ರ ನಮಗ ಬೈತಿದ್ರು. ಇಲ್ಲಿ ಗದ್ದಲ ಕಡಿಮಿ ಆದ್ರ ಬೈತಾರ. ಕೆಲಸ ಅದೇ, ಬೈಗುಳ ತಿರುವುಮುರುವು" ಎಂದು ನಗುತ್ತಾರೆ. ನಗುವಾಗ ಮುಂಗೈಯ ಸುಟ್ಟ ಕಲೆಗಳನ್ನು ತೋಳಿನೊಳಗೆ ಎಳೆದುಕೊಳ್ಳುತ್ತಾರೆ. ಚಳಿಗಾಲದಲ್ಲಿ ರಸ್ತೆಗೆ ಸುರಿದ ಉಪ್ಪು ಪೈಪುಗಳನ್ನು ತಿಂದುಹಾಕುತ್ತದೆ. ಬೋಲ್ಟು ತಿರುಗುವ ಬದಲು ಮುರಿಯುತ್ತದೆ, ತುಕ್ಕು ಕಣ್ಣಿಗೆ ಬೀಳುತ್ತದೆ, ಸಿಮೆಂಟು ನೆಲದ ತಂಡಿ ಮಂಡಿಗೆ ಹತ್ತುತ್ತದೆ. ಎಡಗಿವಿ ಈಚೆಗೆ ಸ್ವಲ್ಪ ಹಿಂದೆ ಬಿದ್ದಿದೆ.

ಕಳೆದ ಚಳಿಗಾಲದಲ್ಲಿ ಕಷ್ಟ ಬಂದದ್ದು ಮಾತ್ರ ಗ್ಯಾರೇಜಿನಿಂದಲ್ಲ, ಅಡುಗೆಮನೆಯಿಂದ.

ಶಿವಲಿಂಗಮ್ಮ ಜೋಳದ ರೊಟ್ಟಿ ಬಡಿಯುತ್ತಾರೆ. ಓಕ್ ಟ್ರೀ ರಸ್ತೆಯ ಅಂಗಡಿಯೊಂದಕ್ಕೆ ಬೆಳಿಗ್ಗೆ ಮೆತ್ತನೆಯ ಬಿಸಿ ರೊಟ್ಟಿ ತಲುಪಬೇಕು. ವಾರದ ಕೊನೆಗೆ ದೂರದೂರದಿಂದ ಬರುವ ಕನ್ನಡ ಮನೆಯವರು ಅದಕ್ಕಾಗಿಯೇ ಕಾಯುತ್ತಾರೆ. ಮಧ್ಯಾಹ್ನ ಅವರು ಬೇರೆಯವರ ಮಕ್ಕಳನ್ನು ನೋಡಿಕೊಳ್ಳಲು ಹೋಗಬೇಕು. ಹೀಗಾಗಿ ಬಡಿಯುವುದು ನಸುಕಿನಲ್ಲೇ. ಯಾರದೋ ಅಡುಗೆಕಟ್ಟೆಗೆ ಕೊಯ್ದು ಉಳಿದ ಗ್ರಾನೈಟ್ ತುಂಡೇ ಅವರ ರೊಟ್ಟಿ ಕಲ್ಲು. ಅದನ್ನು ನೆಲಕ್ಕಿಟ್ಟು, ಮುಂದೆ ಚಕ್ಕಳಮಕ್ಕಳ ಕೂತು, ಅಂಗೈಯಿಂದ ಬಡಿಯುತ್ತ ಹೋದರೆ ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತದೆ.

ಮನೆಯ ಮಾಲೀಕ ಅತುಲ್ ಒಂದು ದಿನ ಫೋನು ಮಾಡಿ, ಕೆಳಗಿನ ಮನೆಗೆ ಹೊಸದಾಗಿ ಬಂದವರಿಗೆ ಸದ್ದಿನಿಂದ ನಿದ್ದೆಯಿಲ್ಲ ಎಂದರು. ಆಮೇಲೆ ಮತ್ತೊಮ್ಮೆ. ಮೂರನೆಯ ಸಲ ಖಡಾಖಂಡಿತವಾಗಿ ಹೇಳಿದರು: ತಿಂಗಳ ಕೊನೆಯೊಳಗೆ ಬೆಳಿಗ್ಗೆಯ ಸದ್ದು ನಿಲ್ಲಬೇಕು, ಇಲ್ಲವೇ ಮನೆ ಬಿಡಬೇಕು.

ಶಿವಲಿಂಗಮ್ಮ ಕಲ್ಲಿನಡಿಗೆ ಕೌದಿ ಮಡಚಿ ಹಾಕಿ ನೋಡಿದರು. ಕಲ್ಲು ಕುಸಿದು ರೊಟ್ಟಿ ಹರಿಯಿತು. ಕೈ ಹಗುರ ಮಾಡಿ ನೋಡಿದರು. ರೊಟ್ಟಿ ದಪ್ಪವಾಗಿ, ಅಂಗಡಿಯಿಂದ ಮಾತು ಬಂತು. "ಸಪ್ಪಳ ಇಲ್ಲದ ರೊಟ್ಟಿ ಆಗೂದಿಲ್ಲ. ಸಪ್ಪಳದ ಮ್ಯಾಲ ಗೊತ್ತಾಗತೈತಿ, ಎಲ್ಲಿ ದಪ್ಪ ಐತಿ, ಎಲ್ಲಿ ತೆಳು ಆಗೈತಿ" ಎಂದು ಅವರು ಕೈ ಚೆಲ್ಲಿ ಕೂತರು. ಕೆಳಗೆ ಇಳಿದು ಒಂದು ಮಾತು ಹೇಳಿ ಬಾ ಎಂದು ಗಂಡನಿಗೆ ಹೇಳಿದ್ದೂ ಆಯಿತು. ಕೆಳಗಿನವರು ಮೈಸೂರಿನವರಂತೆ, ಮಾರಿಸ್‌ಟೌನ್‌ನಲ್ಲಿ ದೊಡ್ಡ ನೌಕರಿಯಂತೆ. ನಮ್ಮವರೇ ಆದಮೇಲೆ ಹೇಗೆ ಜಗಳ ತೆಗೆಯುವುದೆಂದು ಶಿವಶಂಕರಪ್ಪ ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದರು.

ಅದಾಗಿ ಕೆಲವೇ ದಿನಕ್ಕೆ ಗ್ಯಾರೇಜಿಗೆ ಒಂದು ಬೂದು ಬಣ್ಣದ ಪಿಕಪ್ ಬಂತು. ಶಿವಶಂಕರಪ್ಪನವರಿಗೆ ಗಾಡಿಯ ಗುರುತು ಕೂಡಲೇ ಹತ್ತಿತು. ತಮ್ಮ ಮನೆಯ ಮುಂದೆಯೇ ರಾತ್ರಿಯೆಲ್ಲ ನಿಲ್ಲುವ ಗಾಡಿ. ಇಳಿದವನು ಕೆಳಗಿನ ಮನೆಯ ನೀರಜ್. ಟೋಪಿ, ಕನ್ನಡಕ, ಮಸಿ ಮೆತ್ತಿದ ಮುಖದ ಹಿಂದಿನ ಮನುಷ್ಯ ಅವನಿಗೆ ಗೊತ್ತಾಗಲಿಲ್ಲ. ಅವರು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದು, "ಅರೆ, ಕನ್ನಡದೋರಾ ಅಂಕಲ್?" ಎಂದು ಖುಷಿಪಟ್ಟ. ಇಬ್ಬರೂ ಸುತ್ತು ಹೊರಟರು.

"ಗಾಡಿ ಛಲೋ ಐತಿ. ಗದ್ದಲ ಯಾಕ ಬೇಕ್ರಿ?"

"ಹೀಗೇ ಅಂಕಲ್. ಎಲ್ಲರೂ ಹಾಕಿಸ್ತಾರಲ್ಲ."

"ಎಲ್ಲಾರದು ನಾ ನೋಡಕೋತೀನಿ. ನಿಮ್ಮದು ಹೇಳ್ರಿ. ಯಾರಿಗೆ ಕೇಳಿಸಬೇಕು?"

ನೀರಜ್ ಸಿಗ್ನಲ್ ದಾಟಿಸಿ ಬಾಯಿಬಿಟ್ಟ. "ನಾನು ದಿನವಿಡೀ ಮೀಟಿಂಗ್‌ನಲ್ಲಿ ಮ್ಯೂಟ್‌ನಲ್ಲೇ ಇರ್ತೀನಿ ಅಂಕಲ್. ಶುರುವಲ್ಲಿ ಹಲೋ, ಕೊನೇಲಿ ಬೈ. ಮಧ್ಯೆ ನಾನು ಇದೀನೋ ಎದ್ದು ಹೋದ್ನೋ ಯಾರೂ ಕೇಳಲ್ಲ. ಮನೇಲೂ ಒಬ್ಬನೇ. ಗಾಡಿ ಸ್ಟಾರ್ಟ್ ಮಾಡಿದಾಗ್ಲಾದ್ರೂ ಒಂದು ಸೌಂಡ್ ಬರ್ಲಿ ಅಂತ."

"ಅದು ಒಂದಾತು. ಇನ್ನೊಂದು?"

"ಇನ್ನೊಂದೇನಿಲ್ಲ."

"ಐತಿ ಐತಿ. ಹೇಳ್ರಿ."

"ನಮ್ಮ ಮೇಲಿನ ಮನೆಯೋರಿಗೆ ಕೇಳಿಸ್ಬೇಕು" ಎಂದ ನೀರಜ್. "ದಿನಾ ಬೆಳಗಾಗೋ ಮುಂಚೆ ಧಬಧಬ ಅಂತ ಏನೋ ಬಡೀತಾರೆ. ನನ್ನ ಬೆಡ್‌ರೂಮ್ ನೆತ್ತಿ ಮೇಲೇ. ಬಟ್ಟೆ ಒಗೀತಾರೋ, ಎಕ್ಸರ್‌ಸೈಜ್ ಮಾಡ್ತಾರೋ. ಓನರ್‌ಗೆ ಹೇಳಿ ಹೇಳಿ ಸಾಕಾಯ್ತು. ನಾನು ಎಬ್ಬಿಸಿದ್ರೆ ಹೇಗಿರತ್ತೆ ಅಂತ ಅವರಿಗೂ ಗೊತ್ತಾಗ್ಲಿ."

"ಬಟ್ಟಿ ಅಲ್ರಿ ಅದು. ಜ್ವಾಳದ ರೊಟ್ಟಿ."

"ನಿಮಗೆ ಹೇಗೆ ಗೊತ್ತು?"

"ಬಡಿಯಾಕಿ ನನ್ನ ಹೆಂಡತಿ. ಮ್ಯಾಲಿನ ಮನಿಯಾಂವ ನಾನ ಅದೀನ್ರಿ."

ನೀರಜ್ ಗಾಡಿಯನ್ನು ರಸ್ತೆಯ ಅಂಚಿಗೆ ಹಚ್ಚಿ ನಿಲ್ಲಿಸಿದ. ಅವನ ಬಾಯಿಂದ ಬಂದದ್ದು, "ನಮ್ಮ ಕಡೆ ಅಕ್ಕಿ ರೊಟ್ಟಿ ಅಂಕಲ್. ಅದನ್ನ ಹೆಂಚಿನ ಮೇಲೇ ಮೆತ್ತಗೆ ತಟ್ಟೋದು. ಈ ಸದ್ದು ನಾನು ಹುಟ್ಟಿದಾಗಿಂದ ಕೇಳಿರ್ಲಿಲ್ಲ."

"ಮ್ಯಾಲ ಬಂದು ಒಂದು ಮಾತು ಹೇಳಬೇಕಿತ್ತು."

"ಕನ್ನಡದೋರು ಅಂತ ಗೊತ್ತಿತ್ತಲ್ಲ, ಅದಕ್ಕೇ ಸಂಕೋಚ ಆಯ್ತು. ಬೇರೆ ಯಾರಾದ್ರೂ ಆಗಿದ್ರೆ ಅವತ್ತೇ ಬಂದು ಬಾಗಿಲು ತಟ್ಟಿರ್ತಿದ್ದೆ."

"ನಾನೂ ಹಂಗ. ಮೆಟ್ಟಲದ ತನಕಾ ಬಂದಿದ್ದೆ."

ಇಬ್ಬರಿಗೂ ನಗು ಬಂತು. ಆದರೆ ನಗುವಿನಿಂದ ರೊಟ್ಟಿಯ ಸಪ್ಪಳ ಕಡಿಮೆಯಾಗುವುದಿಲ್ಲ, ನೀರಜ್‌ಗೆ ನಿದ್ದೆಯೂ ಬರುವುದಿಲ್ಲ. ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಅವನು ಹೇಳಿದ್ದನ್ನು ಶಿವಶಂಕರಪ್ಪ ಒಪ್ಪಲಿಲ್ಲ. "ನಿಮ್ಮ ನಿದ್ದಿ ಕೆಡಿಸಿ ನಮ್ಮ ರೊಟ್ಟಿ ಬ್ಯಾಡ. ಮೊದಲ ನಿಮ್ಮ ಗಾಡಿ ಮಾಡೂಣು. ನಿಮಗ ಕೇಳೂಹಂಗ ಮಾಡತೀನಿ. ಮ್ಯಾಲಿನ ಮನಿಗಲ್ಲ."

ಪೈಪಿನ ಬಾಯಿಯನ್ನು ಸೀಟಿನ ಕಡೆಗೆ ತಂದು, ಒಳಗೆ ತೆರೆದು ಮುಚ್ಚುವ ಒಂದು ಬಿಲ್ಲೆ ಕೂರಿಸಿ, ಅದರ ಸ್ವಿಚ್ಚನ್ನು ಸ್ಟಿಯರಿಂಗ್ ಪಕ್ಕಕ್ಕೆ ಕೊಟ್ಟರು. ಮನೆಯ ಮುಂದೆ ಮುಚ್ಚು, ಹೈವೇಯಲ್ಲಿ ತೆರೆ. ಎಂಜಿನ್ ಹಚ್ಚಿ ಪೈಪನ್ನು ತೋರಿಸಿದರು, ಜ್ವರ ಬಂದವರಂತೆ ನಡುಗುತ್ತಿತ್ತು. ಆಮೇಲೆ ನೀರಜ್‌ನ ಕೈಯನ್ನು ಗಾಡಿಯ ಚೌಕಟ್ಟಿನ ಮೇಲಿಟ್ಟರು. ಅಲ್ಲಿ ನಡುಕವೇ ಇರಲಿಲ್ಲ. ಪೈಪನ್ನು ಚೌಕಟ್ಟಿಗೆ ತೂಗುಹಾಕುವುದು ದಪ್ಪ ರಬ್ಬರಿನ ಬಳೆಗಳಿಂದ. ನಡುಕವೆಲ್ಲ ಆ ರಬ್ಬರಿನಲ್ಲೇ ಉಳಿಯುತ್ತದೆ.

ಹಾಗೆ ತೋರಿಸುತ್ತಿದ್ದವರು ಅಲ್ಲಿಯೇ ತಡೆದು ನಿಂತರು. ಅಷ್ಟು ವರ್ಷ ದಿನವೂ ಮುಟ್ಟುತ್ತಿದ್ದ ರಬ್ಬರು.

ಆ ಸಂಜೆ ಉಳಿದ ಪೈಪಿನ ತುಂಡುಗಳನ್ನು ಬೆಸೆದು ಒಂದು ಗಿಡ್ಡ ಚೌಕಟ್ಟು ಮಾಡಿದರು. ನಾಲ್ಕೂ ಮೂಲೆಗೆ ರಬ್ಬರಿನ ಬಳೆ ಹಾಕಿ ರೊಟ್ಟಿ ಕಲ್ಲನ್ನು ತೂಗುಹಾಕಿದರು. ಮೊದಲ ದಿನ ಕಲ್ಲು ತೊಟ್ಟಿಲಿನಂತೆ ತೂಗಿ ಹಿಟ್ಟು ಶಿವಲಿಂಗಮ್ಮನವರ ಮಡಿಲಿಗೇ ಬಂತು. "ಇದರಾಗ ಕೂಸಿನ್ನ ಹಾಕೂದೋ, ರೊಟ್ಟಿ ಬಡಿಯೂದೋ?" ಎಂದರು ಅವರು. ಚೌಕಟ್ಟು ಮರಳಿ ಗ್ಯಾರೇಜಿಗೆ ಹೋಯಿತು. ಬಳೆಗಳು ಜೋಡಿಯಾದವು, ಬಿಗಿಯಾದವು. ಎರಡು ದಿನ ಬಿಟ್ಟು ಕಲ್ಲು ಅಲುಗದೆ ನಿಂತಿತು. ಅಂಗೈಯ ಸಪ್ಪಳ ಮೊದಲಿನಂತೆಯೇ ಶಿವಲಿಂಗಮ್ಮನವರಿಗೆ ಕೇಳಿತು.

ಕೆಳಗೆ ಕೇಳುವುದೋ ಇಲ್ಲವೋ ಎನ್ನುವುದು ಉಳಿದಿತ್ತು. ತಿಂಗಳ ಕೊನೆಯ ಭಾನುವಾರ ನಸುಕಿನಲ್ಲೇ ಅತುಲ್ ಬಂದರು. ನಿದ್ದೆಗಣ್ಣಿನ ನೀರಜ್ ಜೊತೆ ಕೆಳಗಿನ ಮಲಗುವ ಕೋಣೆಯಲ್ಲಿ ನಿಂತು ಇಬ್ಬರೂ ಚಾವಣಿ ನೋಡಿದರು. ಶಿವಶಂಕರಪ್ಪ ಬಾಗಿಲ ಹೊರಗೆ ಕೈಕಟ್ಟಿ ನಿಂತಿದ್ದರು. ಹೀಟರಿನ ಸದ್ದು ಬಿಟ್ಟು ಬೇರೇನೂ ಇಲ್ಲ. ಕಾದು ಕಾದು ಅತುಲ್ ಮೇಲಿನ ಮನೆಗೆ ಫೋನು ಹಚ್ಚಿದರು.

"ಬೆಹನ್‌ಜಿ, ಶುರು ಮಾಡಿ. ನಾವು ಎಷ್ಟು ಹೊತ್ತು ನಿಲ್ಲೋದು?" ಎಂದು ಹಿಂದಿಯಲ್ಲಿ ಕೇಳಿದರು.

ಶಿವಲಿಂಗಮ್ಮ ತಮ್ಮ ಹಿಂದಿಯಲ್ಲಿ ಉತ್ತರ ಕೊಟ್ಟರು: ಅರ್ಧಕ್ಕರ್ಧ ಮುಗಿದಿದೆ.

ಅತುಲ್ ಫೋನು ಕಿಸೆಗಿಟ್ಟು ಶಿವಶಂಕರಪ್ಪನವರ ಕಡೆ ತಿರುಗಿದರು. ರೊಟ್ಟಿ ನಡೆಯಲಿ, ಮನೆಯೂ ನಿಮ್ಮದೇ ಇರಲಿ, ಆದರೆ ನನ್ನ ಹೆಂಡತಿಯ ಟ್ರೆಡ್‌ಮಿಲ್‌ಗೂ ಇಂಥದ್ದೊಂದು ಮಾಡಿಕೊಡಬೇಕು ಎಂದರು.

ಈಗ ನೀರಜ್ ಭಾನುವಾರ ಮೇಲೆ ಬರುತ್ತಾನೆ. ಸದ್ದು ಕೇಳಿಸುವುದಿಲ್ಲ, ಎಣ್ಣೆಗಾಯಿ ಪಲ್ಯದ ವಾಸನೆ ಎಬ್ಬಿಸುತ್ತದೆ ಎನ್ನುತ್ತಾನೆ. ಶಿವಲಿಂಗಮ್ಮ ಅವನ ತಟ್ಟೆಗೆ ರೊಟ್ಟಿ ಹಾಕುತ್ತ ಗಂಡನನ್ನು ತಿವಿಯುತ್ತಾರೆ: "ಊರ ಮಂದಿಗೆಲ್ಲಾ ಗದ್ದಲ ಮಾಡಿಕೊಟ್ಟ. ಸೈಲೆನ್ಸರ್ ಹಚ್ಚಿದ್ದು ಹೆಂಡತಿ ಒಬ್ಬಾಕಿಗೇ."

ಗ್ಯಾರೇಜಿನಲ್ಲಿ ಪ್ಲಂಬರನ ಟ್ರಕ್ಕು ಕೆಳಗಿಳಿದಿದೆ. ಅವನು ಎಂಜಿನ್ ಹಚ್ಚಿ, ಎದೆಗೆ ತಾಗುವಂಥ ಆ ಗುಡುಗನ್ನು ಕೇಳಿ, ಹೆಬ್ಬೆರಳೆತ್ತಿ ಹೊರಟುಹೋಗುತ್ತಾನೆ. ಶಿವಶಂಕರಪ್ಪ ಬಲಗಿವಿಯನ್ನು ರಸ್ತೆಯತ್ತ ತಿರುಗಿಸಿ, ಸದ್ದು ಸೇತುವೆಯಾಚೆ ಕರಗುವವರೆಗೂ ನಿಂತಿರುತ್ತಾರೆ. ಆಮೇಲೆ ಟೋಪಿಯ ತುಕ್ಕು ಕೊಡವಿಕೊಳ್ಳುತ್ತಾರೆ.

"ನಾ ಮಾಡಿದ ಗಾಡಿ ಯಾವ ರಸ್ತಿ ಮ್ಯಾಲ ಹೋದ್ರೂ ಕೂತಲ್ಲೇ ಗುರುತು ಹಿಡೀತೀನಿ. ಊರ ತುಂಬ ಅದಾವ" ಎನ್ನುತ್ತಾರೆ. ಮುಂದಿನ ಗಾಡಿ ಆಗಲೇ ಬಾಗಿಲಿಗೆ ಬಂದಿದೆ. ಅದರ ಪಕ್ಕದ ಸೀಟಿಗೆ ಹತ್ತುತ್ತ ತಿರುಗಿ ಇಷ್ಟು ಸೇರಿಸುತ್ತಾರೆ: "ಆದ್ರ ಛಲೋ ಕೆಲಸ ಯಾವುದು ಮಾಡೀನಿ ಅಂತ ಕೇಳಿದ್ರ, ಯಾರಿಗೂ ಕೇಳಲಾರದ್ದು ಒಂದು ಮನ್ಯಾಗ ಐತಿ."