ಒಂದು ಬದಿಗೆ ಒಂದೇ ಹಾಡು

ಆಗೆಲ್ಲ ನಮ್ಮ ಸೋಸಲೆಯಲ್ಲಿ ಬೇಸಿಗೆ ರಜೆ ಎಂದರೆ ಕರೆಂಟಿಗೆ ಕಾಯುವುದು. ಮಧ್ಯಾಹ್ನ ಎರಡಕ್ಕೆ ಬರುತ್ತಿತ್ತು. ಯಾವಾಗ ಹೋಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ನಾಲ್ಕನೇ ಕ್ಲಾಸು ಮುಗಿಸಿದ ವರ್ಷ ಮೈಸೂರಿನ ಹಾಸ್ಟೆಲಿನಿಂದ ಬಂದ ಚಿಕ್ಕತ್ತೆ ಒಂದು ಇಂಗ್ಲಿಷ್ ಕ್ಯಾಸೆಟ್ ತಂದಿದ್ದಳು. ಪ್ರೋಗ್ರೆಸಿವ್ ರಾಕ್ ಎನ್ನುವ ಉದ್ದುದ್ದ ಹಾಡುಗಳ ಸಂಗೀತ, ಆಗಲೇ ಮೂವತ್ತು ವರ್ಷ ಹಳೆಯದು. ಒಂದು ಬದಿಗೆ ಒಂದೇ ಹಾಡು, ಇಪ್ಪತ್ತೆರಡು ನಿಮಿಷ. ಟೇಪ್‌ರೆಕಾರ್ಡರಿನ ಎರಡು ಸ್ಪೀಕರುಗಳ ಎದುರು ನಡುಮಧ್ಯೆ ಕೂತರೆ ಗಿಟಾರು ಎಡಗಿವಿಯಿಂದ ನಡೆದು ಬಲಗಿವಿಗೆ ಹೋಗುತ್ತಿತ್ತು. ಹಾಡುವವನು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು.

“ಓಡ್ಸಿ ಕೊನೆ ಕೇಳ್ಬುಡಣ ಅತ್ತೆ,” ಎಂದೆ.

“ಊಹೂಂ. ಮೊದ್ಲಿಂದ ಕೊನೆಗಂಟ ಒಂದೇ ಸಲಕ್ಕೆ ಕೇಳ್ಬೇಕು ಕಣೆ. ಕರೆಂಟ್ ಹೋದ್ರೆ ನಾಳೆ ಮತ್ತೆ ಮೊದ್ಲಿಂದ.”

ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: ಬುಧವಾರ ಹನ್ನೊಂದು ನಿಮಿಷ, ಗುರುವಾರ ಹದಿನಾಲ್ಕು, ಶುಕ್ರವಾರ ಒಂಬತ್ತು. ಕ್ಯಾಸೆಟ್ ಅತ್ತೆಯ ನಂಜನಗೂಡಿನ ಗೆಳತಿಯದು, ಸೋಮವಾರ ವಾಪಸು ಕೊಡಬೇಕು. ಶನಿವಾರ ಕರೆಂಟೇ ಬರಲಿಲ್ಲ.

ಭಾನುವಾರ ಹಟ ಹಿಡಿದೆವು. ಅಜ್ಜಿಯ ಟಾರ್ಚಿನಿಂದ ಎರಡು ಶೆಲ್ ತೆಗೆದು, ಮನೆಯಲ್ಲಿದ್ದ ನಾಲ್ಕು ಹಳೆಯವನ್ನು ಸೇರಿಸಿ, ಶಕ್ತಿ ಬರಲೆಂದು ತಾರಸಿಯ ಮೇಲೆ ಬಿಸಿಲಿಗಿಟ್ಟೆವು. ಪಕ್ಕದಲ್ಲಿ ಜೀರಿಗೆ, ಇಂಗು ಘಮ್ಮೆನ್ನುವ ಅಕ್ಕಿ ಸಂಡಿಗೆ.

“ಏನ್ರವ್ವಾ, ಶೆಲ್ನೂ ಒಣಗಾಕಿದ್ದೀರಿ,” ಎಂದಳು ಅಜ್ಜಿ. “ಸಂಡ್ಗೆ ಜೊತೇಲೇ ಕರ್ಯಾದಾ, ಬ್ಯಾರೆ ಎಣ್ಣೆ ಇಡ್ಬೇಕಾ?”

ಮೂರು ಗಂಟೆಗೆ ಹಾಡು ಶುರುವಾಯಿತು. ಕೊನೆಕೊನೆಗೆ ಡ್ರಮ್ಮು ನಿಧಾನವಾಯಿತು. ಹಾಡುವವನ ದನಿ ದಪ್ಪಗಾಗುತ್ತ, ಬಾವಿಗೆ ಇಳಿದಂತೆ ಇಳಿದು, ನಿಂತೇ ಹೋಯಿತು. ಗಡಿಯಾರ ನೋಡಿದೆ, ಇಪ್ಪತ್ತೆರಡು ನಿಮಿಷ ದಾಟಿತ್ತು. ಎಂಥ ಕೊನೆ ಅನ್ನಿಸಿ ಮೈ ಜುಮ್ಮೆಂದಿತು. ‘ಪೂರ್ತಿ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಅತ್ತೆ ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿದಳು.

ಹೋದ ವಾರ ಆ ಆಲ್ಬಮ್ ಫೋನಿನಲ್ಲಿ ಸಿಕ್ಕಿತು. ಆಸೆ ತಡೆಯಲಾರದೆ ಬೆರಳು ಸರಿಸಿ ನೇರ ಕೊನೆಗೆ ಹೋದೆ. ದನಿ ಇಳಿಯಲೇ ಇಲ್ಲ. ಡ್ರಮ್ಮು ಓಡೋಡಿ ಬಂದು ಒಂದೇ ಏಟಿಗೆ ನಿಂತಿತು. ಈಗ ತಿ. ನರಸೀಪುರದಲ್ಲಿರುವ ಅತ್ತೆಗೆ ಫೋನ್ ಮಾಡಿದೆ.

“ಶೆಲ್ ಮುಗೀತಿತ್ತು ಕಣೆ, ಟೇಪು ನಿಧಾನ ಆಗಿ ಹಾಡು ಮುಗ್ಯೋಕ್ ಮುಂಚೆ ನಿಂತೋಯ್ತು. ನಂಗೆ ಅವತ್ತೇ ಗೊತ್ತಾಯ್ತು.”

“ಮತ್ತೆ ಹೇಳ್ಲೇ ಇಲ್ವಲ್ಲ ಅತ್ತೆ?”

“ನೀನು ಗೆರೆ ಬೇರೆ ಎಳ್ದುಬುಟ್ಟಿದ್ದೆ, ಸ್ಕೇಲಿಟ್ಟು. ಹೆಂಗ್ ಹೇಳ್ಲಿ?”

ಫೋನಿಟ್ಟ ಕೂಡಲೇ ತೀರ್ಮಾನಿಸಿದೆ, ಮೊದಲಿನಿಂದ ಕೊನೆಯವರೆಗೆ ಕೇಳಿಯೇ ತೀರಬೇಕೆಂದು. ಈ ವಾರ ನಾಲ್ಕು ಸಲ ಹಾಕಿದೆ: ಹನ್ನೆರಡು ನಿಮಿಷ, ಏಳು, ಹದಿನೈದು, ನಾಲ್ಕು. ಕರೆಂಟು ಒಮ್ಮೆಯೂ ಹೋಗಲಿಲ್ಲ. ನಾಲ್ಕು ಸಲವೂ ನಿಲ್ಲಿಸಿದವಳು ನಾನೇ. ನಾಳೆ ಐದನೆಯದು.