ಮೂರು ಬೀದಿಯಾಚೆ ನಿಲ್ಲಿಸಿದ ಕಾರು

ಇಂಗ್ಲೆಂಡಿನ ಕಡಲತಡಿಯ ನಮ್ಮ ಫ್ಲೀಟ್‌ವುಡ್ಡಿನಲ್ಲಿ ಸಾಲ ಇರುವವರನ್ನು ಗುರುತು ಹಿಡಿಯುವುದು ಸುಲಭ. ಅವರ ಮನೆ ಮುಂದೆ ಕಾರು ಇರುವುದಿಲ್ಲ. ಜಪ್ತಿಯವರು ಬಂದರೆ ಮೊದಲು ಕೈಹಾಕುವುದೇ ಕಾರಿಗೆ. ಚಕ್ರಕ್ಕೆ ಹಳದಿ ಬೀಗ ಜಡಿದು ಹೋಗುತ್ತಾರೆ. ಹಾಗಾಗಿ ಜನ ಕಾರನ್ನು ದೂರದ ಬೀದಿಯಲ್ಲಿ ಬಿಟ್ಟು, ಕಳ್ಳರ ಹಾಗೆ ತಮ್ಮ ಮನೆಗೆ ತಾವೇ ನಡೆದು ಬರುತ್ತಾರೆ. ನೋರೀನ್ ಥ್ರೆಲ್ಫಾಲ್ ಕೂಡ ಹಾಗೆಯೇ ಮಾಡುತ್ತಿದ್ದಳು. ಚರ್ಚಿನ ಹಿಂದೆ, ಮೂರು ಬೀದಿಯಾಚೆ.

ಆ ಕಾರು ಹೋದರೆ ಅವಳ ಅನ್ನವೇ ಹೋದ ಹಾಗೆ. ಅರವತ್ತೆರಡರ ಹೆಂಗಸು, ಬೆಳಿಗ್ಗೆ ಆರೂವರೆಗೆ ಹೊರಟು ಮನೆಮನೆಗೆ ಹೋಗಿ, ಕೈಲಾಗದ ಮುದುಕರನ್ನು ಎಬ್ಬಿಸಿ, ಮೈತೊಳೆಸಿ, ಗಂಜಿ ಕುಡಿಸಿ ಬರುವ ಕೆಲಸ. ಬಸ್ಸು ನಂಬಿ ಮಾಡುವ ಕೆಲಸವೇ ಅದು? ಗಂಡ ಲೆನ್ ಕಾಯಿಲೆ ಬಿದ್ದಾಗ ನಾಲ್ಕು ತಿಂಗಳು ಮನೆಯಲ್ಲಿ ಕೂತಳು. ಅವನು ತೀರಿಕೊಂಡಾಗ ಮಣ್ಣು ಮಾಡಲು ಕ್ರೆಡಿಟ್ ಕಾರ್ಡಿನಲ್ಲಿ ಸಾಲ ತೆಗೆದಳು. ಅದನ್ನು ತೀರಿಸಲು ಇನ್ನೊಂದು ಕಾರ್ಡು. ಇಲ್ಲಿ ಬಾಡಿಗೆಗೆ ಇರುವವರೇ ಕಟ್ಟಬೇಕಾದ ಮನೆ ತೆರಿಗೆ ಬಾಕಿ ಬಿತ್ತು. ಅಲ್ಲಿಂದ ಮುಂದೆ ಅವಳು ಲಕೋಟೆ ಒಡೆಯುವುದನ್ನೇ ಬಿಟ್ಟಳು. ಬಂದದ್ದನ್ನೆಲ್ಲ ಬ್ರೆಡ್ ಡಬ್ಬದಲ್ಲಿ ತುರುಕಿದಳು. ಬ್ರೆಡ್ ಕಿಟಕಿಯ ಕಟ್ಟೆ ಮೇಲಕ್ಕೆ ಹೋಯಿತು.

ಕೊನೆಗೆ ಯಾರೋ ಹೇಳಿದರೆಂದು ಸಾಲದ ಸಲಹೆ ಕೊಡುವ ಕಚೇರಿಗೆ ಹೋದಳು. ಅಲ್ಲಿದ್ದ ಹಿಲರಿ ಪಿಲ್ಲಿಂಗ್ ಎಂಬಾಕೆ ಎರಡು ಗಂಟೆ ಕೂರಿಸಿಕೊಂಡು ಎಲ್ಲ ಬರೆದುಕೊಂಡಳು.

"ನೋಡಿ, ಇದಕ್ಕೊಂದು ಕಾನೂನಿದೆ. ಅರವತ್ತು ದಿನ ನಿಮ್ಮನ್ನ ಯಾರೂ ಮುಟ್ಟೋ ಹಾಗಿಲ್ಲ. ಫೋನ್ ಮಾಡೋ ಹಾಗಿಲ್ಲ, ಬಡ್ಡಿ ಹಾಕೋ ಹಾಗಿಲ್ಲ, ಬಾಗಿಲಿಗೆ ಬರೋ ಹಾಗಿಲ್ಲ. ಅಷ್ಟರಲ್ಲಿ ನಾವಿಬ್ರೂ ಕೂತು ದಾರಿ ಹುಡುಕೋಣ. ಪ್ರತಿ ತಿಂಗಳ ಬಾಡಿಗೆ, ತೆರಿಗೆ ಮಾತ್ರ ತಪ್ಪಿಸ್ಬೇಡಿ. ನಡುವೆ ಒಂದ್ಸಲ ನಾನು ಮಾತಾಡ್ಸ್ತೀನಿ, ಆಗ ಸಿಗ್ಬೇಕು."

"ಸಿಗ್ತೀನಿ," ಎಂದಳು ನೋರೀನ್.

ಮಾರನೆಯ ದಿನದಿಂದಲೇ ಫೋನು ಸುಮ್ಮನಾಯಿತು. ಅದಕ್ಕೂ ಮುಂಚೆ ದಿನಕ್ಕೆ ಐದಾರು ಕರೆ ಬರುತ್ತಿದ್ದವು. ವಸೂಲಿಯವರಲ್ಲಿ ಒಬ್ಬ ಮೆದು ದನಿಯವನು "ಹೇಗಿದ್ದೀರಿ, ಮಿಸೆಸ್ ಥ್ರೆಲ್ಫಾಲ್?" ಎಂದೇ ಶುರುಮಾಡುತ್ತಿದ್ದ. ಲೆನ್ ಹೋದ ಮೇಲೆ ಅವಳನ್ನು ಹಾಗೆ ಕೇಳುತ್ತಿದ್ದವನು ಅವನೊಬ್ಬನೇ. ಈಗ ಅವನೂ ಇಲ್ಲ. ಬಿಡುಗಡೆ ಅಂದರೆ ಇಷ್ಟು ಬಿಕೋ ಅನ್ನುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಕಾನೂನು ಅವಳನ್ನು ಕಾಯುತ್ತಿತ್ತು, ಸರಿ. ಆದರೆ ಅದನ್ನು ಅವಳ ಮೈ ನಂಬಬೇಕಲ್ಲ! ಕಾರು ಚರ್ಚಿನ ಹಿಂದೆಯೇ ನಿಂತಿತು. ಪರದೆ ಸರಿಯಲಿಲ್ಲ. ಮುಂಕೋಣೆಯ ದೀಪ ಹತ್ತಲಿಲ್ಲ. ಕೆಲಸ ಕೊಟ್ಟವರ ನಂಬರ್ ಬಿಟ್ಟು ಬೇರೆ ಯಾವುದಕ್ಕೂ ಫೋನ್ ಎತ್ತಲಿಲ್ಲ. ಎದುರು ಮನೆಯ ಬೆರಿಲ್ ಜೊತೆ ಇಪ್ಪತ್ತು ವರ್ಷ ಪ್ರತಿ ಶುಕ್ರವಾರ ಮೀನು, ಆಲೂಗಡ್ಡೆ ಕರಿದದ್ದು ಹಂಚಿಕೊಂಡು ತಿಂದವಳು, ಹಂಚಿಕೊಳ್ಳಲು ಕಾಸಿಲ್ಲವೆಂದು ನಾಚಿ ಹಿಂಬಾಗಿಲಿನಿಂದ ಓಡಾಡತೊಡಗಿದಳು. ಬೆರಿಲ್ ವಿಚಾರಿಸಿಕೊಂಡು ಬರಲಿಲ್ಲ. ಅವಳೂ ಮರೆತಳು ಬಿಡು ಅಂದುಕೊಂಡಳು ನೋರೀನ್.

ನೋರೀನಳ ಹುಟ್ಟುಹಬ್ಬದ ದಿನ, ಹನ್ನೆರಡನೇ ತಾರೀಕು, ಸಂಜೆ ನಾಲ್ಕಕ್ಕೆ ಮುಂಬಾಗಿಲು ಬಡಿದ ಸದ್ದಾಯಿತು. ನೋರೀನ್ ಕೈಲಿದ್ದ ಚಹಾದ ಲೋಟವನ್ನು ಸದ್ದಾಗದಂತೆ ಇಟ್ಟು, ಸೋಫಾದ ಹಿಂದೆ ನೆಲಕ್ಕೆ ಮಲಗಿಬಿಟ್ಟಳು. ಮತ್ತೆ ಬಡಿದರು. ಮೂರನೆಯ ಸಲವೂ ಬಡಿದರು. ಅವಳು ಉಸಿರು ಬಿಗಿಹಿಡಿದಳು. ಹೆಜ್ಜೆ ಸದ್ದು ದೂರವಾದಾಗ "ದೇವರೇ, ಸದ್ಯ ಹೋದರಲ್ಲ!" ಎಂದು ಕೈಮುಗಿದಳು.

ಒಂದು ಗುರುವಾರ ಬೆಳಿಗ್ಗೆ ಎಂದಿನಂತೆ ಎಂಟ್ವಿಸಲ್ ಮುದುಕನ ಮನೆಗೆ ಹೋದಳು. ಎಂಬತ್ತೆಂಟು ದಾಟಿದ, ಮೀನಿನ ಹಡಗು ನಡೆಸಿದವನು. ಕಣ್ಣು ಪೂರ್ತಿ ಹೋಗಿತ್ತು. ತಿಂಡಿಯಾದ ಮೇಲೆ ಅವನಿಗೆ ಬಂದ ಕಾಗದಗಳನ್ನು ಓದುವುದು ಅವಳ ಪದ್ಧತಿ. ವಿಚಿತ್ರ ನೋಡಿ, ಬೇರೆಯವರ ಲಕೋಟೆ ಒಡೆಯಲು ಅವಳಿಗೆ ಯಾವ ಭಯವೂ ಇರಲಿಲ್ಲ. ಅಂದು ಕನ್ನಡಕ ತೆಗೆಯಲು ಚೀಲಕ್ಕೆ ಕೈಹಾಕಿದಾಗ, ಬ್ರೆಡ್ ಡಬ್ಬದಲ್ಲಿ ಜಾಗವಿಲ್ಲದೆ ಚೀಲಕ್ಕೆ ಸೇರಿಸಿದ್ದ ಒಂದು ಲಕೋಟೆ ಕೆಳಗೆ ಬಿತ್ತು.

"ಇನ್ನೊಂದು ಬಿತ್ತಲ್ಲ, ಅದನ್ನೂ ಓದು," ಅಂದ ಮುದುಕ.

"ಅದು ನಿಮ್ಮದಲ್ಲ."

"ಮತ್ತೆ ಯಾರ್ದು, ರಾಜಂದಾ?"

"ನಂದು."

"ಹಾಗಾದ್ರೆ ನಿಂದೇ ಓದು. ನಂದು ಬರೀ ಆಸ್ಪತ್ರೆ ಕಾಗದ, ಕೇಳಿ ಕೇಳಿ ಬೇಜಾರು."

"ಆಮೇಲೆ ಓದ್ಕೋತೀನಿ."

ಮುದುಕ ಸುಮ್ಮನೆ ಬಿಡುವ ಆಸಾಮಿಯಲ್ಲ. "ಏ ಹುಡುಗಿ, ನಲವತ್ತು ವರ್ಷ ಸಮುದ್ರದ ಮೇಲಿದ್ದೋನು ನಾನು. ಕೆಟ್ಟ ಸುದ್ದಿ ಬರುತ್ತೆ ಅಂತ ರೇಡಿಯೋ ಆರಿಸಿದ್ರೆ ಬಿರುಗಾಳಿ ನಿಂತುಬಿಡುತ್ತಾ? ಒಡಿ ಅದನ್ನ."

ಒಡೆದಳು. ಮೂರು ಸಾಲು ಓದುವಷ್ಟರಲ್ಲಿ ದನಿಯೇ ನಿಂತಿತು.

"ಜೋರಾಗಿ ಓದು. ನಂಗೆ ಹೋಗಿರೋದು ಕಣ್ಣು, ಕಿವಿಯಲ್ಲ."

ಹಿಲರಿ ಪಿಲ್ಲಿಂಗ್ ಬರೆದಿದ್ದಳು. ನಾಲ್ಕು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ನಡುವಿನ ಮಾತುಕತೆ ಮೂವತ್ತೈದನೇ ದಿನದೊಳಗೆ ಮುಗಿಯಲೇಬೇಕು. ಆ ದಿನ ಗುರುವಾರ; ಅಂದು ಸಂಜೆಯೊಳಗೆ ನೀವು ಸಿಗದಿದ್ದರೆ ಈ ರಕ್ಷಣೆ ರದ್ದು ಮಾಡದೆ ನನಗೆ ಬೇರೆ ದಾರಿಯಿಲ್ಲ. ಒಮ್ಮೆ ರದ್ದಾದರೆ ಒಂದು ವರ್ಷ ಮತ್ತೆ ಸಿಗುವುದೂ ಇಲ್ಲ.

"ಗುರುವಾರ ಅಂದ್ರೆ ಇವತ್ತೇ ಅಲ್ವೇನೇ?"

"ಇವತ್ತೇ." ನೋರೀನ್ ಕಾಗದ ಮಡಿಸಿ ಚೀಲಕ್ಕೆ ತುರುಕಿದಳು. ಜಪ್ತಿಯವರ ವ್ಯಾನು, ಹಳದಿ ಬೀಗ, ನಾಳೆ ಆರೂವರೆಗೆ ಎಬ್ಬಿಸುವವರಿಲ್ಲದೆ ಹಾಸಿಗೆಯಲ್ಲೇ ಕಾಯುವ ಮುದುಕರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. "ನಾನು ಮುಂದಿನ ಮನೆಗೆ ಹೋಗ್ಬೇಕು, ಹೊತ್ತಾಯ್ತು..."

"ಆ ಮನೆ ಮುದುಕಿ ಹತ್ತು ನಿಮಿಷ ತಡವಾಗಿ ಗಂಜಿ ಕುಡಿದ್ರೆ ಸಾಯಲ್ಲ. ಕೂತ್ಕೋ. ಫೋನ್ ಮಾಡು."

ಹತ್ತು ನಿಮಿಷವಲ್ಲ, ನಲವತ್ತು ನಿಮಿಷ ಆಯಿತು. ಸಾಲಿನಲ್ಲಿ ನೀವು ಹನ್ನೊಂದನೆಯವರು ಎಂದಿತು ಯಂತ್ರ. ಆಮೇಲೆ ಫೋನಿನಲ್ಲಿ ಒಂದೇ ಸಮನೆ ಪಿಟೀಲು. ಮುದುಕ ಬೆರಳಲ್ಲಿ ತಾಳ ಹಾಕುತ್ತ ಕೂತ, ಅವಳನ್ನು ಏಳಲು ಬಿಡಲಿಲ್ಲ. ಕೊನೆಗೆ ಹಿಲರಿ ಸಿಕ್ಕಳು.

"ಅಯ್ಯೋ ತಾಯೀ, ಎಲ್ಲಿದ್ರಿ? ರದ್ದು ಮಾಡೋ ಕಾಗದ ಮುಂದಿಟ್ಕೊಂಡು ಕೂತಿದ್ದೀನಿ ನಾನು! ಬಾಡಿಗೆ ಕಟ್ಟಿದ್ರಾ? ತೆರಿಗೆ?"

"ಎರಡೂ ಕಟ್ಟಿದೆ."

"ಭೇಷ್. ಹಾಗಾದ್ರೆ ಮುಂದುವರಿಸ್ತೀನಿ. ಯಾರಾದ್ರೂ ತೊಂದರೆ ಕೊಟ್ರಾ?"

"ಜಪ್ತಿಯವರು ಬಂದಿದ್ರು. ಹನ್ನೆರಡನೇ ತಾರೀಕು. ಮೂರು ಸಲ ಬಾಗಿಲು ಬಡಿದ್ರು."

ಹಿಲರಿ ಕಿಡಿಕಿಡಿಯಾದಳು. "ಹಾಗೆಲ್ಲ ಬರೋ ಹಾಗೇ ಇಲ್ಲ! ಇರಿ, ವಿಚಾರಿಸ್ತೀನಿ." ಮತ್ತೆ ಪಿಟೀಲು. ಆಮೇಲೆ ಮೆಲ್ಲಗೆ ಅಂದಳು, "ಅವರು ಯಾರನ್ನೂ ಕಳಿಸಿಲ್ವಂತೆ, ಮಿಸೆಸ್ ಥ್ರೆಲ್ಫಾಲ್. ನಿಮ್ಮ ಕಡೆಯವರೇ ಯಾರಾದ್ರೂ ಬಂದಿರ್ಬೇಕು."

"ನನ್ನ ಕಡೆಯವರು ಅಂತ ಇಲ್ಲಿ ಯಾರಿದ್ದಾರೆ?" ಎಂದಳು ನೋರೀನ್. ಕಾರು ಮನೆ ಮುಂದೆಯೇ ನಿಲ್ಲಿಸಿ, ಇನ್ನೂ ಇಪ್ಪತ್ತೈದು ದಿನ ಅದನ್ನ ಯಾರೂ ಮುಟ್ಟಲ್ಲ ಎಂದಳು ಹಿಲರಿ.

ಅಂದು ಮಧ್ಯಾಹ್ನ ಕೆಲಸ ಮುಗಿಸಿ, ನೋರೀನ್ ಎಂಟು ತಿಂಗಳ ಮೇಲೆ ಮೊದಲ ಸಲ ತನ್ನ ಮನೆ ಬಾಗಿಲಲ್ಲಿ ಕಾರು ನಿಲ್ಲಿಸಿದಳು. ಇಂಜಿನ್ ಆರಿಸುವಷ್ಟರಲ್ಲಿ ಎದುರು ಮನೆ ಬಾಗಿಲು ತೆರೆಯಿತು. ಮನೆಯೊಳಗಿನ ಚಪ್ಪಲಿಯಲ್ಲೇ ಬೆರಿಲ್ ಬೀದಿ ದಾಟಿ ಬಂದಳು.

"ಬಂದ್ಯಾ ಮಾರಾಯ್ತಿ! ಯಾವಾಗ ಬಂದೆ?"

"ಎಲ್ಲಿಂದ?"

"ಎಲ್ಲಿಂದ ಅಂತ ನನ್ನೇ ಕೇಳ್ತೀಯಲ್ಲ! ಕಾರಿಲ್ಲ, ದೀಪ ಇಲ್ಲ, ದೂರದೂರಲ್ಲಿರೋ ನಿನ್ನ ತಂಗಿ ಮನೆಗೆ ಹೋದೆ ಅಂದ್ಕೊಂಡೆ. ಒಂದು ಮಾತು ಹೇಳ್ದೆ ಹೋದ್ಲಲ್ಲಾ ಅಂತ ಎಷ್ಟು ಸಂಕಟ ಆಯ್ತು ಗೊತ್ತಾ? ನಿನ್ನ ಹುಟ್ಟುಹಬ್ಬಕ್ಕಾದ್ರೂ ಬಂದಿರ್ತೀಯೇನೋ ಅಂತ ಕೇಕ್ ಮಾಡ್ಕೊಂಡು ಬಂದು ಮೂರು ಸಲ ಬಾಗಿಲು ಬಡಿದೆ. ಒಬ್ಳೇ ತಿನ್ನೋಕೆ ಮನಸ್ಸು ಬರ್ಲಿಲ್ಲ. ಕಡಲಕ್ಕಿಗಳಿಗೆ ಹಾಕ್ದೆ."

ನೋರೀನ್ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಳು. "ನಾನು ಒಳಗೇ ಇದ್ದೆ, ಬೆರಿಲ್."

"ಒಳಗೇ?"

"ಸೋಫಾ ಹಿಂದೆ."

ಬೆರಿಲ್ ಕಾರನ್ನು ನೋಡಿದಳು, ಮುಚ್ಚಿದ ಪರದೆಯನ್ನು ನೋಡಿದಳು. ನೋರೀನ್ ಸಾಲ, ಜಪ್ತಿ, ಲಕೋಟೆ, ಎಲ್ಲವನ್ನೂ ಅಲ್ಲೇ ನಿಂತು ಹೇಳಿಬಿಟ್ಟಳು. ಅಂದು ನೀನು ಬಾಗಿಲಿಂದ ವಾಪಸು ಹೋದದ್ದಕ್ಕೆ ನಾನು ದೇವರಿಗೆ ಕೈಮುಗಿದೆ ಎಂಬ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ.