ಮೈಕಿನಲ್ಲಿ ಹವಾಲ್ದಾರರ ಹೆಸರು

ಮಾಡಗ್ಯಾಳದಲ್ಲಿ ಅಕ್ಕನ ಮದುವೆಯ ದಿನ ನಾನು ಮೈಕು ಹಿಡಿದು ಆಯಾರದ ರುಮಾಲಿನ ಮರ್ಯಾದೆ ಪಡೆಯುವವರ ಹೆಸರು ಓದುತ್ತಿದ್ದಾಗ, ಹವಾಲ್ದಾರರೊಬ್ಬರು ಸೈಕಲ್ಲಿನಿಂದ ಇಳಿದು ನೇರ ವಾಯರಿಗೇ ಕೈ ಹಾಕಿದರು.

“ಪರವಾನಗಿ ಎಲ್ಲೈತಿ? ಲಗೂನ ಬಂದ್ ಮಾಡ್ರಿ!”

ಎಪ್ಪತ್ತರ ದಶಕದಲ್ಲೂ ಬೇವಿನ ಮರಕ್ಕೆ ಧ್ವನಿವರ್ಧಕದ ಭೋಂಗಾ ಕಟ್ಟಲು ತಾಲೂಕು ಕಚೇರಿಯಿದ್ದ ಜತ್ತಿನಿಂದ ಅಪ್ಪಣೆ ಬೇಕಿತ್ತು. ಅರ್ಜಿ ಕೊಟ್ಟು ತಿಂಗಳಾದರೂ ಕಾಗದ ಬಂದಿರಲಿಲ್ಲ. ಇತ್ತ ಬೀಗರಲ್ಲಿ ಅರ್ಧ ಜನರ ಹೆಸರು ಇನ್ನೂ ಉಳಿದಿತ್ತು. ಮೈಕಿನಲ್ಲಿ ಹೆಸರು ಬಾರದ ಬೀಗರು ಊಟಕ್ಕೇ ಕೂರುವುದಿಲ್ಲ.

ಅಪ್ಪ ಗಾಬರಿಯಾಗಲಿಲ್ಲ. ಹಂದರದೊಳಗೆ ಬಂದ ಹಿರಿಯರನ್ನು ತಲೆಗೆ ರುಮಾಲು ಸುತ್ತದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. “ಬರ್ರಿ ಸಾಹೇಬ್ರ, ಮೊದಲ ಕುಂದ್ರಿ” ಎಂದು ಟೋಪಿ ತೆಗೆಸಿ ರುಮಾಲು ಸುತ್ತಿಯೇಬಿಟ್ಟರು. ನಾನು ಹವಾಲ್ದಾರರ ಹೆಸರು ಕೇಳಿಕೊಂಡು, ಹೆದರುತ್ತ ಮೆಲ್ಲಗೆ ಓದಿದೆ.

ಅವರು ಭೋಂಗಾ ಕಡೆ ನೋಡಿ, ನನ್ನತ್ತ ತಿರುಗಿದರು. “ಹಿಂದ ಕುಂತವ್ರಿಗೆ ಕೇಳಿಸಿಲ್ಲ. ಆವಾಜ್ ಏರಿಸಿ ಇನ್ನೊಮ್ಮಿ ಹೇಳ.”

ಮದುವೆಯಾಗಿ ಎಂಟು ದಿನಕ್ಕೆ ಪರವಾನಗಿ ಬಂತು, ತಂದವರೂ ಅವರೇ. ಧ್ವನಿ ಹಂದರದಾಚೆ ಕೇಳಬಾರದೆಂದು ಅದರಲ್ಲಿ ಷರತ್ತಿತ್ತು. ಅಂದು ಹಂದರ ದಾಟಿ ಕುರಿ ಮೇಯುವ ಮಾಳದ ತನಕ ಕೇಳಿದ್ದು ಒಂದೇ ಹೆಸರು, ಅವರದು.